ಅಡಿಕೆ ತೋಟಕ್ಕೆ ಮೈಲುತುತ್ತ ಬಂದ ಬಗೆ

ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ನೀರಿನ ಅಂಶ ಇರುವವರೆಗೆ ಇದು ನೀಲಿ ಹರಳು; ಕಾಯಿಸಿದರೆ ಬಿಳಿ ಪುಡಿ. ತಾಮ್ರದ ಉದ್ಯಮದಿಂದ ಲೋಕಕ್ಕೆ ದೊರೆತ ವಸ್ತುಗಳು ಹಲವು. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಣಿವೆ ತೋಟಗಳ ಬದುಕಿಗೆ ಮೈಲುತುತ್ತದಷ್ಟು ಹತ್ತಿರವಾದದ್ದು ಮತ್ತೊಂದಿಲ್ಲ.

ಕಾರಣ ಕೊಳೆರೋಗ. ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯ ಈಜುವ ಬೀಜಾಣುಗಳು ಮಳೆನೀರಿನೊಂದಿಗೆ ಕೊನೆಯಿಂದ ಕೊನೆಗೆ ಹರಡುತ್ತವೆ. ಜಡಿಮಳೆಯ ನಡುವೆ ಆಗಾಗ ಬಿಸಿಲು ಇಣುಕಿದರೆ ರೋಗ ಇನ್ನೂ ಬಿರುಸು. ಎಳೆಯ ಅಡಿಕೆ ಕೊಳೆತು ಮರದ ಬುಡದಲ್ಲಿ ಹಾಸಿಬೀಳುತ್ತದೆ. ವರ್ಷದ ಗಳಿಕೆಯೆಲ್ಲ ಒಂದೇ ಬೆಳೆಯ ಮೇಲೆ ನಿಂತಿರುವ ಮನೆಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಹಿಂದಿನವರಿಗೆ ತಿಳಿದಿದ್ದ ಉಪಾಯ ಕೊಟ್ಟೆ ಕಟ್ಟುವುದು: ಪ್ರತಿ ಕೊನೆಗೂ ಹಾಳೆಯ ಹೊದಿಕೆ ಕಟ್ಟಿ ಮಳೆ ತಾಗದಂತೆ ಮಾಡುವುದು. ಉಪಾಯ ಸರಿಯಾದದ್ದೇ, ಆದರೆ ಅದು ಬೇಡುವ ಶ್ರಮ ಅಪಾರ.

ಇತ್ತ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಕಳ್ಳರು ಕೀಳದಿರಲೆಂದು ಬಳ್ಳಿಗೆ ತಾಮ್ರ ಬೆರೆತ ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಜುರೋಗ ತಗುಲದ್ದನ್ನು ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಅದನ್ನು ಔಷಧವಾಗಿ ಪ್ರಕಟಿಸಿದ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಮಲೆನಾಡಿನ ತೋಟಗಳಲ್ಲಿ ಕೊಳೆರೋಗವನ್ನು ಅಭ್ಯಸಿಸಿ, 1910ರಲ್ಲಿ ವಿವರವಾದ ವರದಿ ಹೊರತಂದ. ಮಲೆನಾಡಿನ ಮಳೆಗೆ ಈ ತಾಮ್ರ-ಸುಣ್ಣದ ದ್ರಾವಣ ತೊಳೆದುಹೋಗದಂತೆ ರಾಳ ಮತ್ತು ಸೋಡಾ ಬೆರೆಸುವ ಕ್ರಮ ಆತನ ಕೆಲಸದ ಬಹುಮುಖ್ಯ ಭಾಗ. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತದಲ್ಲಿತ್ತು. ಸಿದ್ದಾಪುರದ ಗಡಿಯಾಚೆಯ ಸಾಗರ ಮೈಸೂರಿನದು. ಎರಡೂ ಕಡೆ ತೋಟ ಒಂದೇ, ರೋಗವೂ ಒಂದೇ.

ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೇಕು. ಎರಡನ್ನೂ ಬೇರೆಬೇರೆ ಕರಗಿಸಿಕೊಂಡು, ತಾಮ್ರದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕಬ್ಬಿಣದ ಪಾತ್ರೆ ಸಲ್ಲ, ತಾಮ್ರದ ನೀರು ಅದನ್ನು ತಿಂದುಹಾಕುತ್ತದೆ. ಹದ ನೋಡುವ ಪರೀಕ್ಷೆಯೂ ಇದೇ ಗುಣದಿಂದ ಬಂದದ್ದು: ಅದ್ದಿದ ಕತ್ತಿಯ ಅಲಗಿಗೆ ಕೆಂಪು ಲೇಪ ಕೂತರೆ ಸುಣ್ಣ ಸಾಲದು. ಸುಣ್ಣ ಕಡಿಮೆಯಾದರೆ ಎಳೆಗಾಯಿ ಸುಡುತ್ತದೆ. ಕಲಸಿದ ದಿನವೇ ಹೊಡೆದು ಮುಗಿಸಬೇಕು. ಹಳತಾದ ದ್ರಾವಣ ಕಾಯಿಗೆ ಅಂಟುವುದಿಲ್ಲ.

ಮಳೆಗಾಲ ಹಿಡಿಯುವ ಮೊದಲು ಒಮ್ಮೆ, ಸುಮಾರು 40–45 ದಿನ ಬಿಟ್ಟು ಇನ್ನೊಮ್ಮೆ ಔಷಧ ಹೊಡೆಯುವುದು ವಾಡಿಕೆ. ಎರಡನೆಯದು ಕಠಿಣ: ಮಳೆ ಬಿಡುವು ಕೊಡಬೇಕು, ಜಾರುವ ಮರವನ್ನು ಕೊನೆ ಕೊಯ್ಯುವ ಕೊನೆಗೌಡ ಏರಬೇಕು. ಈ ಔಷಧದ ಚರಿತ್ರೆ ಬರೆಯುವವರು ವಿಜ್ಞಾನಿಯ ಹೆಸರಿನ ಪಕ್ಕದಲ್ಲೇ ಕೊನೆಗೌಡನ ಕಸುಬನ್ನೂ ಕಾಣಿಸಬೇಕು.

ತಾಮ್ರ ಕೊಳೆತು ಕರಗುವ ವಸ್ತುವಲ್ಲ. ಕಾಯಿಯಿಂದ ತೊಳೆದು ಇಳಿದದ್ದು ಮಣ್ಣಿನ ಮೇಲ್ಪದರದಲ್ಲೇ ಸೇರುತ್ತ ಹೋಗುತ್ತದೆ, ಹೆಚ್ಚಾದರೆ ಎರೆಹುಳು ಮತ್ತು ಸೂಕ್ಷ್ಮಜೀವಿಗಳಿಗೆ ಕೇಡು. ಹಾಳೆಯ ಬದಲು ಪ್ಲಾಸ್ಟಿಕ್ಕಿನ ಕೊಟ್ಟೆ ಕಟ್ಟುವ ರೂಢಿಯೂ ಮುಂದೆ ಬಂತು. ಕೆಳಗೆ ನಿಂತೇ ಔಷಧ ಹೊಡೆಯುವ ಉದ್ದನೆಯ ದೋಟಿಗಳೂ ತೋಟಗಳನ್ನು ಹೊಕ್ಕಿವೆ.