ಭೂಪಟದ ಒಡೆತನ

ನಾಡನ್ನು ಆಳಬೇಕೆಂದು ಬಂದವರು ಮೊದಲು ಅದನ್ನು ಅಳೆದುಕೊಂಡರೆಂಬುದು ನಮ್ಮ ಸೀಮೆಯ ಚರಿತ್ರೆಯನ್ನು ಓದಿದವರಿಗೆಲ್ಲ ತಿಳಿದ ವಿಷಯವೇ. ಆದರೆ ಹಾಗೆ ಅಳೆದು ಬರೆದ ಪಟವು ಯಾರ ಸ್ವತ್ತು, ಅದನ್ನು ನಕಲು ಮಾಡಲು ಯಾರಿಗೆ ಅಧಿಕಾರ, ಅದರಲ್ಲಿ ತಪ್ಪು ಕಂಡರೆ ತಿದ್ದುವವರು ಯಾರು ಎಂದು ಕೇಳಿದವರು ವಿರಳ. ತಮ್ಮ ಊರಿನ ಇತಿಹಾಸವನ್ನೋ ದೇವಾಲಯಗಳ ವರ್ಣನೆಯನ್ನೋ ಬರೆದು ಅಚ್ಚುಹಾಕಿಸಹೊರಟವರಿಗೆ ಮಾತ್ರ ಈ ಪ್ರಶ್ನೆ ಒಂದು ದಿನ ಎದುರಾಗದೆ ಇರದು. ಯಾರನ್ನೂ ಬೇಡದೆ ಯಾರು ಬೇಕಾದರೂ ಬಳಸಬಹುದಾದ ಭೂಪಟಗಳು ಈಚಿನ ಕಾಲದಲ್ಲಿ ಹೇಗೆ ಹುಟ್ಟಿಕೊಂಡುವೆಂಬುದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಕೂಡಲೆ ಮೈಸೂರು ಸೀಮೆಯ ಮೋಜಣಿಗೆ ಆರಂಭವಾಯಿತು. ಕಾಲಿನ್ ಮೆಕೆಂಜಿಯು ಊರು, ಕೆರೆ, ಕೋಟೆ, ಕಾಡುಗಳನ್ನು ಗುರುತಿಸುತ್ತ ನಡೆದನು. ಶಾಸನಗಳನ್ನೂ ಕಡತಗಳನ್ನೂ ಸಂಗ್ರಹಿಸಿದನು. ವಿಲಿಯಂ ಲ್ಯಾಂಬ್ಟನ್ನನು ೧೮೦೦ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮೀರಿದ ಒಂದು ಆಧಾರರೇಖೆಯನ್ನು ಉಕ್ಕಿನ ಸರಪಣಿಯಿಂದ ಅಳೆದನು. ಚೀಣದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ ಅಲ್ಲಿ ಸ್ವೀಕೃತವಾಗದೆ ಮರಳಿದ ಸರಪಣಿಯದು. ೧೮೦೨ರಲ್ಲಿ ಮದರಾಸಿನ ಪರಂಗಿಮಲೆಯ ಹತ್ತಿರ ಅಳೆದ ರೇಖೆಯಿಂದ ಹೊರಟು, ತ್ರಿಕೋಣಗಳ ಮೇಲೆ ತ್ರಿಕೋಣವನ್ನು ಹೂಡುತ್ತ ಬಂದು, ೧೮೦೪ರಲ್ಲಿ ಬೆಂಗಳೂರಿನಲ್ಲಿ ಮತ್ತೆ ನೆಲವನ್ನಳೆದು ನೋಡಿದಾಗ ಲೆಕ್ಕಕ್ಕೂ ಅಳತೆಗೂ ಕೆಲವೇ ಅಂಗುಲಗಳ ಅಂತರ ಕಂಡಿತು. ಹಿಂದೂದೇಶದ ಮಹಾಮೋಜಣಿಗೆ ನಮ್ಮ ನೆಲವೇ ಹೀಗೆ ಪರೀಕ್ಷಾಸ್ಥಾನವಾಯಿತು. ಮೆಕೆಂಜಿಗೆ ಕಾವಲಿ ವೆಂಕಟ ಬೊರಯ್ಯ, ಲಕ್ಷ್ಮಯ್ಯ ಮೊದಲಾದ ದೇಶೀಯರು ನೆರವಾದರು. ಹಳ್ಳಿಹಳ್ಳಿಯ ಜನರು ಊರಿನ ಹೆಸರನ್ನೂ ಗಡಿಯನ್ನೂ ಹೇಳಿಕೊಟ್ಟರು. ಪಟಗಳಾದರೋ ಕಂಪನಿಯ ದಫ್ತರಗಳನ್ನು ಸೇರಿದುವು.

ಹೆಸರುಗಳಿಗೆ ಒದಗಿದ ಅವಸ್ಥೆಯಂತೂ ಪ್ರತ್ಯೇಕವಾಗಿ ಹೇಳತಕ್ಕದ್ದು. ಆಂಗ್ಲ ಲಿಪಿಯಲ್ಲಿ ಲಕಾರ ಳಕಾರಗಳ ಭೇದವಿಲ್ಲ, ತಕಾರ ಟಕಾರಗಳ ಭೇದವಿಲ್ಲ, ಹ್ರಸ್ವದೀರ್ಘಗಳು ಕಾಣಿಸವು. ಶ್ರೀರಂಗಪಟ್ಟಣವು ಸೆರಿಂಗಪಟಂ ಆಯಿತು. ಮಡಿಕೇರಿಯು ಮರ್ಕೇರಾ ಆಯಿತು. ದೊಡ್ಡ ಊರುಗಳ ಹೆಸರನ್ನು ಜನರು ನೆನಪಿನಿಂದ ಉಳಿಸಿಕೊಂಡರು. ೨೦೧೪ರ ನವೆಂಬರ್ ೧ರಂದು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಮೊದಲಾದ ೧೨ ಪಟ್ಟಣಗಳ ಹೆಸರುಗಳು ಸರ್ಕಾರದ ಬರಹದಲ್ಲಿಯೂ ಸರಿಪಟ್ಟುವು. ಸಣ್ಣ ಹಳ್ಳಿಯ, ಹಳ್ಳದ, ಗುಡ್ಡದ ಹೆಸರು ಒಮ್ಮೆ ಪಟದಲ್ಲಿ ಕೆಟ್ಟರೆ, ಅದನ್ನು ತಿದ್ದುವ ಅಧಿಕಾರವು ಆ ಊರಿನವರ ಕೈಯಲ್ಲಿರಲಿಲ್ಲ.

ಈ ಕೊರಗು ನಮ್ಮದು ಮಾತ್ರವೇ ಅಲ್ಲ. ಅಮೆರಿಕ ಸಂಯುಕ್ತಸಂಸ್ಥಾನಗಳಲ್ಲಿ ಕೇಂದ್ರ ಸರ್ಕಾರವು ಮಾಡಿಸಿದ ಭೂಪಟಗಳ ಮೇಲೆ ಗ್ರಂಥಸ್ವಾಮ್ಯವಿಲ್ಲ. ಪ್ರಜೆಗಳ ತೆರಿಗೆಯಿಂದಾದುದು ಪ್ರಜೆಗಳದೇ ಎಂಬುದು ಅಲ್ಲಿಯ ಕ್ರಮ. ಇಂಗ್ಲೆಂಡಿನಲ್ಲಿ ಹಾಗಲ್ಲ. ೧೭೯೧ರಲ್ಲಿ ಸೇನೆಯ ಉಪಯೋಗಕ್ಕೆಂದು ಹುಟ್ಟಿದ ಆರ್ಡ್ನೆನ್ಸ್ ಸರ್ವೆ ಎಂಬ ಇಲಾಖೆಯ ಪಟಗಳಿಗೆ ರಾಜಸ್ವಾಮ್ಯವುಂಟು. ಅವುಗಳನ್ನು ಬಳಸುವವರು ಹಣ ತೆರಬೇಕಾಗಿತ್ತು. ಮುಕ್ತ ಭೂಪಟದ ಚಳವಳಿಯು ಹಣ ತೆರಬೇಕಾದ ಆ ದೇಶದಲ್ಲಿಯೇ ಹುಟ್ಟಿತು.

೨೦೦೦ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರವು ತನ್ನ ಜಿ.ಪಿ.ಎಸ್. ಉಪಗ್ರಹಗಳ ಸಂಕೇತದಲ್ಲಿ ಬೇಕೆಂದೇ ಬೆರಸುತ್ತಿದ್ದ ದೋಷವನ್ನು ನಿಲ್ಲಿಸಿತು. ಅದುವರೆಗೆ ನೂರು ಮೀಟರಿನಷ್ಟು ತಪ್ಪಬಹುದಾಗಿದ್ದ ಕೈಯಂತ್ರವು ಆ ಬಳಿಕ ಹತ್ತಿಪ್ಪತ್ತು ಮೀಟರುಗಳೊಳಗೆ ಸ್ಥಳವನ್ನು ತೋರಿಸತೊಡಗಿತು. ಲ್ಯಾಂಬ್ಟನ್ನನಿಗೆ ಸರಪಣಿ, ಡೇರೆ, ದಂಡು ಬೇಕಾಗಿದ್ದ ಕಾರ್ಯದ ಒಂದಂಶವು ಕಾಲ್ನಡೆಯ ಮನುಷ್ಯನಿಗೆ ಸಾಧ್ಯವಾಯಿತು. ೨೦೦೪ರಲ್ಲಿ ಸ್ಟೀವ್ ಕೋಸ್ಟ್ ಎಂಬ ಲಂಡನ್ನಿನ ವಿದ್ಯಾರ್ಥಿಯು, ಜನರೇ ತಮ್ಮ ತಮ್ಮ ಬೀದಿಗಳನ್ನು ನಡೆದು ಗುರುತಿಸಿ ಲೋಕದ ಪಟವೊಂದನ್ನು ಕೂಡಿಸಬಹುದೆಂದು ತರ್ಕಿಸಿ, ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉದ್ಯಮವನ್ನು ಆರಂಭಿಸಿದನು. ೨೦೦೬ರ ಮೇ ತಿಂಗಳಲ್ಲಿ ಆಸಕ್ತರು ಐಲ್ ಆಫ್ ವೈಟ್ ದ್ವೀಪದಲ್ಲಿ ಸೇರಿ ಅಲ್ಲಿಯ ದಾರಿಗಳನ್ನು ಒಂದು ವಾರಾಂತ್ಯದಲ್ಲಿ ಸುತ್ತಿ ಗುರುತಿಸಿದರು. ೨೦೦೭ರಲ್ಲಿ ಹಾಲೆಂಡಿನ ವ್ಯಾಪಾರಸಂಸ್ಥೆಯೊಂದು ತನ್ನ ದೇಶದ ಬೀದಿಗಳೊಡನೆ ಹಿಂದೂದೇಶದ ಹೆದ್ದಾರಿಗಳ ವಿವರವನ್ನೂ ಇದಕ್ಕೆ ದಾನವಾಗಿ ಕೊಟ್ಟಿತು. ಕಡೆಗೆ ೨೦೧೦ರ ಏಪ್ರಿಲ್ ೧ರಂದು ಆರ್ಡ್ನೆನ್ಸ್ ಸರ್ವೆಯೇ ತನ್ನ ಕೆಲವು ಪಟಗಳನ್ನು ಬಿಟ್ಟಿಯಾಗಿ ತೆರೆದಿಟ್ಟಿತು.

ಇದು ಹವ್ಯಾಸಿಗಳ ವಿನೋದವೆಂದು ನಕ್ಕವರೂ ಉಂಟು. ಆ ನಗೆಯು ೨೦೧೦ರ ಜನವರಿಯಲ್ಲಿ ಅಡಗಿತು. ೧೨ನೆಯ ತಾರೀಖು ಹೈತಿ ದೇಶದ ರಾಜಧಾನಿಯಾದ ಪೋರ್ಟೋಪ್ರಿನ್ಸ್ ಭೂಕಂಪದಿಂದ ಕುಸಿಯಿತು. ನೆರವಿಗೆ ಬಂದವರಿಗೆ ದಾರಿ ತೋರಿಸತಕ್ಕ ಸಮಗ್ರವಾದ ಪಟವಿರಲಿಲ್ಲ. ಉಪಗ್ರಹಚಿತ್ರಗಳ ಒಡೆಯರು ತಮ್ಮ ಚಿತ್ರಗಳನ್ನು ಬಿಟ್ಟುಕೊಟ್ಟರು. ಆ ನಗರವನ್ನು ಎಂದೂ ಕಾಣದ ನೂರಾರು ಮಂದಿ ನಾನಾ ದೇಶಗಳಲ್ಲಿ ತಮ್ಮ ಮನೆಗಳಲ್ಲಿ ಕುಳಿತು, ಬೀದಿಗಳನ್ನೂ ಬಿದ್ದ ಕಟ್ಟಡಗಳನ್ನೂ ಡೇರೆಗಳನ್ನೂ ಗುರುತಿಸಿದರು. ಕೆಲವೇ ದಿನಗಳಲ್ಲಿ ಅದು ಪರಿಹಾರಕಾರ್ಯದವರ ಕೈಪಟವಾಯಿತು. ಹಕ್ಕುಗಳ ತೊಡಕಿದ್ದಿದ್ದರೆ ಇದು ಅಷ್ಟು ಬೇಗ ಆಗುತ್ತಿರಲಿಲ್ಲ.

ಇಲ್ಲಿ ಒಂದು ಭೇದವನ್ನು ವಾಚಕರು ಮನಗಾಣಬೇಕು. ನೋಡಲು ಕಾಸು ಕೇಳದ ಪಟ ಬೇರೆ, ಮುಕ್ತವಾದ ಪಟ ಬೇರೆ. ವ್ಯಾಪಾರಸಂಸ್ಥೆಗಳ ಪಟವನ್ನು ಚರದೂರವಾಣಿಯಲ್ಲಿ ಯಾರೂ ನೋಡಬಹುದು. ಅದರ ಮೇಲೆ ಗೆರೆಯೆಳೆದು ಹೊಸ ಪಟವನ್ನು ಮಾಡುವ ಹಕ್ಕು ಅದರಿಂದ ಬಾರದು. ಮುಕ್ತ ಪಟದಲ್ಲಿ ನಕಲು, ತಿದ್ದುಪಡಿ, ಮಾರಾಟ ಎಲ್ಲಕ್ಕೂ ಮೊದಲೇ ಅನುಮತಿಯಿದೆ. ಮೂಲವನ್ನು ಹೆಸರಿಸಬೇಕು, ವಿವರಗಳನ್ನು ತಿದ್ದಿ ಪ್ರಕಟಿಸಿದರೆ ಅವನ್ನೂ ಹಾಗೆಯೇ ಇತರರಿಗೆ ಬಿಡಬೇಕು. ಕೆರೆಯ ನೀರನ್ನು ಕೊಂಡವನು ತೂಬನ್ನು ಮುಚ್ಚಬಾರದೆಂಬ ನ್ಯಾಯವಿದು. ೨೦೧೨ರಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪಿನವರು ಈ ಕರಾರನ್ನು ಹೊಸದಾಗಿ ಬರೆದುಕೊಂಡಾಗ, ಒಪ್ಪದವರ ಕೆಲಸವನ್ನು ಪಟದಿಂದ ಅಳಿಸಿಯೇ ಬಿಟ್ಟರು. ಹಕ್ಕಿನ ವಿಷಯದಲ್ಲಿ ಅವರಿಗಿದ್ದ ಎಚ್ಚರ ಅಷ್ಟರದು.

ಉಪಕರಣಗಳೂ ಇದೇ ಧರ್ಮದಲ್ಲಿ ದೊರೆಯುತ್ತವೆ. ೨೦೦೨ರಲ್ಲಿ ಗ್ಯಾರಿ ಷೆರ್ಮನ್ ಆರಂಭಿಸಿದ ಕ್ಯು.ಜಿ.ಐ.ಎಸ್. ಎಂಬ ಗಣಕತಂತ್ರಾಂಶದಿಂದ ಯಾವ ಪಟವನ್ನಾದರೂ ರಚಿಸಿ ಅಚ್ಚಿಗೆ ಸಿದ್ಧಪಡಿಸಬಹುದು. ಬೆಟ್ಟಗಳ ಎತ್ತರಕ್ಕೆ, ೨೦೦೦ದ ಫೆಬ್ರವರಿಯಲ್ಲಿ ಅಮೆರಿಕದ ಆಕಾಶನೌಕೆಯು ಹನ್ನೊಂದು ದಿನ ಭೂಮಿಯನ್ನು ಸುತ್ತಿ ಮಾಡಿದ ಅಳತೆಗಳಿವೆ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಭಂಡಾರವು ೨೦೦೮ರಿಂದೀಚೆಗೆ ಬಿಟ್ಟಿಯಾಗಿ ದೊರೆಯತೊಡಗಿತು. ಖಂಡಗಳ, ದೇಶಗಳ ಸ್ಥೂಲಪಟಕ್ಕೆ ೨೦೦೯ರಲ್ಲಿ ಹೊರಬಂದ ನ್ಯಾಚುರಲ್ ಅರ್ತ್ ಎಂಬ ಸಂಗ್ರಹವುಂಟು. ಅದಕ್ಕೆ ಯಾವ ಕರಾರೂ ಇಲ್ಲ. ನಮ್ಮ ದೇಶದ ಶಾಸನದಂತೆ ಸರ್ಕಾರದ ಪ್ರಕಟಣೆಗಳ ಸ್ವಾಮ್ಯವು ೬೦ ವರ್ಷಗಳಿಗೆ ಮುಗಿಯುವುದರಿಂದ, ಹಳೆಯ ಮೋಜಣಿಪಟಗಳೂ ಇತಿಹಾಸಕಾರನಿಗೆ ಮುಕ್ತನಿಧಿಯೇ ಸರಿ.

ನಮ್ಮ ಸರ್ಕಾರವು ಈ ದಾರಿಗೆ ತಡೆತಡೆದು ಬಂದಿತು. ೨೦೦೫ರ ಭೂಪಟನೀತಿಯು ಸೇನೆಗೆ ಬೇರೆ, ಜನಕ್ಕೆ ಬೇರೆ ಎಂದು ಎರಡು ಮಾಲೆಗಳನ್ನು ಏರ್ಪಡಿಸಿತು. ೨೦೧೬ರ ಮಸೂದೆಯ ಕರಡೊಂದು, ಅನುಮತಿಯಿಲ್ಲದೆ ಭೂಮಾಹಿತಿಯನ್ನು ಸಂಗ್ರಹಿಸಿದವರಿಗೆ ನೂರು ಕೋಟಿ ರೂಪಾಯಿಯವರೆಗೆ ದಂಡವನ್ನು ಸೂಚಿಸಿತ್ತು; ಅದು ಶಾಸನವಾಗಲಿಲ್ಲ. ಮರುವರ್ಷವೇ ಮೋಜಣಿ ಇಲಾಖೆಯು ತನ್ನ ೨೫೦ನೆಯ ವರ್ಷದ ನೆನಪಿಗೆ ಜನರ ಮಾಲೆಯ ಪಟಗಳನ್ನು ಉಚಿತವಾಗಿ ಕೊಟ್ಟಿತು. ೨೦೨೧ರ ಫೆಬ್ರವರಿ ೧೫ರ ಮಾರ್ಗಸೂಚಿಯು ಭಾರತೀಯರಿಗೆ ಪೂರ್ವಾನುಮತಿಯ ನಿರ್ಬಂಧವನ್ನು ತೆಗೆಯಿತು. ದೇಶದ ಎಲ್ಲೆಗಳನ್ನು ಮಾತ್ರ ಇಲಾಖೆಯ ಪಟದಂತೆಯೇ ತೋರಿಸಬೇಕು. ಹೊರದೇಶದ ಸಂಗ್ರಹಗಳನ್ನು ಬಳಸಿ ಅಚ್ಚುಮಾಡುವವರು ಇದನ್ನು ಮರೆಯಲಾಗದು.

ಮುಕ್ತ ಪಟವು ನಿರ್ದೋಷವೆಂದು ಹೇಳುವಂತಿಲ್ಲ. ಪಟ್ಟಣಗಳಲ್ಲಿ ಅದು ದಟ್ಟವಾಗಿದೆ, ಎಷ್ಟೋ ಹಳ್ಳಿಗಳಲ್ಲಿ ಬರಿದಾಗಿದೆ. ತಿಳಿದವನು ತಿದ್ದಿದಂತೆ ತಿಳಿಯದವನು ಕೆಡಿಸಲೂಬಹುದು. ಆದರೂ ಒಂದು ಸ್ಥಳಕ್ಕೆ ಹಲವು ಭಾಷೆಗಳ ಹೆಸರನ್ನು ಬರೆಯಲು ಅದರಲ್ಲಿ ಅವಕಾಶವಿದೆ. ಕನ್ನಡಕ್ಕೂ ಅದರದೇ ಆದ ಮನೆಯಿದೆ. ಆ ಮನೆಯನ್ನು ತುಂಬುವವರು ಲಂಡನ್ನಿನವರಲ್ಲ. ಊರ ಮುಂದಿನ ಹಳ್ಳದ ಹೆಸರನ್ನು ಬಲ್ಲ ಹಿರಿಯರು ವರ್ಷ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಅವರನ್ನು ಕೇಳಿ, ಳಕಾರ ಲಕಾರಗಳ ಭೇದ ಕೆಡದಂತೆ ಬರೆದಿಡುವುದು ಓದುಬರಹ ಬಲ್ಲ ಯಾವ ಮನೆಯವರಿಗೂ ಅಸಾಧ್ಯವಲ್ಲ. ಎರಡು ಶತಮಾನಗಳ ಕೆಳಗೆ ನಮ್ಮವರು ಹೆಸರು ಹೇಳಿದರು, ಬರೆದುಕೊಂಡವರು ಪರರು. ಇಂದು ಹೇಳುವುದೂ ಬರೆಯುವುದೂ ನಮ್ಮ ಕೈಯಲ್ಲಿಯೇ ಇದೆ.