ಶಿವಗಂಗೆಯ ಒಂದು ಶೋಕ

ಬೆಂಗಳೂರಿನಿಂದ ತುಮಕೂರಿನ ಹಾದಿ ಹಿಡಿದು ನೆಲಮಂಗಲವನ್ನು ದಾಟಿ ಮುಂದೆ ಸಾಗಿದರೆ ಎಡಗಡೆಗೆ ಶಿವಗಂಗೆಯ ಬೆಟ್ಟ ಕಣ್ಣಿಗೆ ಬೀಳುತ್ತದೆ. ಪೂರ್ವದಿಂದ ನೋಡಿದವರಿಗೆ ಅದು ನಂದಿಯಂತೆಯೂ ದಕ್ಷಿಣದಿಂದ ಲಿಂಗದಂತೆಯೂ ತೋರುವುದೆಂದು ಜನ ಹೇಳುವುದುಂಟು. ಬೆಟ್ಟವನ್ನೇರುವ ಯಾತ್ರಿಕರಿಗೆ ಅಲ್ಲಿನವರು ಒಂದು ಕಡಿದಾದ ಅಂಚನ್ನು ತೋರಿಸಿ, ಹೊಯ್ಸಳ ವಿಷ್ಣುವರ್ಧನನ ಪಟ್ಟದ ರಾಣಿ ಶಾಂತಲೆ ಇಲ್ಲಿಂದ ಧುಮುಕಿ ಪ್ರಾಣಬಿಟ್ಟಳೆಂದು ಕಥೆ ಹೇಳುತ್ತಾರೆ. ಕಥೆ ಕೇಳಿ ನಾವೆಲ್ಲರೂ ಒಮ್ಮೆ ಕೆಳಗೆ ಬಗ್ಗಿ ನೋಡಿದವರೇ.

ಧುಮುಕಿದಳೆಂಬ ಮಾತಿಗೆ ಶಾಸನದ ಆಧಾರವಿಲ್ಲ. ಆದರೆ ಆಕೆ ಶಿವಗಂಗೆಯಲ್ಲಿ ತೀರಿಕೊಂಡದ್ದು ನಿಜ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಲೆಯೇ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಯ ಹತ್ತಿರ ಒಂದು ಶಾಸನವಿದೆ. ವಿರೋಧಿಕೃತ್ ಸಂವತ್ಸರದ ಚೈತ್ರ ಶುದ್ಧ ಪಂಚಮಿ, ಸೋಮವಾರ, ಶಿವಗಂಗೆಯ ತೀರ್ಥದಲ್ಲಿ ರಾಣಿ ಮಡಿದಳೆಂದು ಅದು ಹೇಳುತ್ತದೆ. ಇಂದಿನ ಲೆಕ್ಕಕ್ಕೆ ಅದು 1131ನೆಯ ಇಸವಿ. ಮರಣದ ಕಾರಣವನ್ನು ಮಾತ್ರ ಹೇಳುವುದಿಲ್ಲ. ಆ ಮೌನವನ್ನು ತುಂಬಲು ಜನರು ಬೆಟ್ಟದ ಅಂಚನ್ನು ತೋರಿಸಿದರೆಂದು ನಮಗೆ ತೋರುತ್ತದೆ.

ನಾವು ಇಂದು ಮಾತನಾಡಬೇಕೆಂದಿರುವುದು ಶಾಂತಲೆಯ ಸಾವಿನ ವಿಚಾರವಾಗಿ ಅಲ್ಲ. ಆ ಸಾವಿನ ದುಃಖವನ್ನು ಪದ್ಯ ಹೇಗೆ ಹೇಳಿತೆಂಬುದರ ವಿಚಾರವಾಗಿ. ಶಾಸನವನ್ನು ಮೊದಲ ಸಲ ಓದುವವರಿಗೆ ನಿರಾಶೆಯಾದರೆ ಆಶ್ಚರ್ಯವಿಲ್ಲ. ಬಿರುದುಗಳ ಮೇಲೆ ಬಿರುದುಗಳು, ಗೀತ ವಾದ್ಯ ನೃತ್ಯಗಳ ಹೊಗಳಿಕೆ, ವಂಶದ ವರ್ಣನೆ. ಶೋಕವೆಲ್ಲಿ ಎಂದು ಹುಡುಕಬೇಕು. ಅದು ಸಿಕ್ಕುವುದು ತಾಯಿಯ ಪ್ರಸ್ತಾಪ ಬಂದಾಗ.

ಶಾಂತಲೆಯ ತಂದೆ ಮಾರಸಿಂಗಯ್ಯ ಶಿವಭಕ್ತ. ತಾಯಿ ಮಾಚಿಕಬ್ಬೆ ಜಿನಭಕ್ತೆ. ರಾಣಿ ಸದ್ಗತಿಯನ್ನು ಪಡೆದಳು, ಇನ್ನು ತಾನು ಉಳಿದಿರಲಾಗದು ಎಂಬ ಅರ್ಥದ ಒಂದೇ ಮಾತನ್ನು ಶಾಸನಕವಿ ಆ ತಾಯಿಯ ಬಾಯಲ್ಲಿ ಇಟ್ಟಿದ್ದಾನೆ. ಗಮನಿಸಬೇಕು: ಹೆತ್ತವಳು ‘ಮಗಳು’ ಎನ್ನುವುದಿಲ್ಲ, ‘ರಾಣಿ’ ಎನ್ನುತ್ತಾಳೆ. ಬಳಿಕ ಆಕೆ ಬೆಳಗೊಳಕ್ಕೆ ಬಂದು ಸನ್ಯಸನವನ್ನು ಕೈಕೊಳ್ಳುತ್ತಾಳೆ. ಅರೆಮುಚ್ಚಿದ ಕಣ್ಣು, ಪಂಚಪದಗಳನ್ನು ಉಚ್ಚರಿಸುವ ತುಟಿ, ಬಂಧುಗಳ ನಂಟನ್ನು ಬಿಡಿಸಿಕೊಂಡ ಮನಸ್ಸು, ಒಂದು ತಿಂಗಳ ಉಪವಾಸ, ಅನಂತರ ಮರಣ. ಕಣ್ಣೀರಿನ ಮಾತೇ ಇಲ್ಲ.

ಇಲ್ಲೊಂದು ತೊಡಕಿದೆ. ಜೈನಶಾಸ್ತ್ರದ ಪ್ರಕಾರ ಸಲ್ಲೇಖನ ಶೋಕದಿಂದ ಮಾಡತಕ್ಕದ್ದಲ್ಲ; ರಾಗದ್ವೇಷಗಳೆರಡನ್ನೂ ಕಳೆದುಕೊಂಡವರು ಸಮಚಿತ್ತದಿಂದ ಮಾಡತಕ್ಕದ್ದು. ಶಾಸನಕವಿ ಇದನ್ನು ಅರಿಯದವನಾಗಿರಲಾರ. ಆದುದರಿಂದಲೇ ತಾಯಿಯ ವ್ರತವನ್ನು ಅಷ್ಟು ಪ್ರಶಾಂತವಾಗಿ ಚಿತ್ರಿಸಿದ್ದಾನೆ. ಆದರೂ ವ್ರತಕ್ಕೆ ಕಾರಣವೇನೆಂದು ಹೇಳುವಾಗ ಆತ ಸುಳ್ಳು ಹೇಳಲಿಲ್ಲ. ಮಗಳು ಹೋದಳು, ಆದ್ದರಿಂದ ತಾಯಿ ಇರಲಾರಳು. ಶಾಸ್ತ್ರ ಒಪ್ಪದ ಈ ‘ಆದ್ದರಿಂದ’ ಕಲ್ಲಿನಲ್ಲಿ ಉಳಿದುಕೊಂಡಿತು. ಎಷ್ಟು ಬಿರುದುಗಳನ್ನು ಹೊದಿಸಿದರೂ ಆ ತಾಯಿಯ ಗಾಯ ಅಲ್ಲಿ ಮುಚ್ಚಿಲ್ಲ.

ಎಲ್ಲ ಶೋಕವೂ ಹೀಗೆ ಬಾಯಿ ಬಿಗಿಹಿಡಿದು ನಿಲ್ಲುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಯ ಹೆಂಗಸರು ‘ಹಾಡಿಕೊಂಡು ಅಳುತ್ತಾರೆ’ ಎನ್ನುವುದು ರೂಢಿಯ ಮಾತು. ಸತ್ತವರ ಗುಣ, ಅವರು ಉಟ್ಟ ಬಟ್ಟೆ, ಕೂರುತ್ತಿದ್ದ ಜಗುಲಿ, ಒಂದೊಂದನ್ನೂ ಕರೆದು ಕರೆದು ರಾಗವಾಗಿ ಅಳುವ ಕ್ರಮವದು. ರಾಘವಾಂಕನು ಹರಿಶ್ಚಂದ್ರ ಕಾವ್ಯದಲ್ಲಿ ಚಂದ್ರಮತಿಯ ಪ್ರಲಾಪವನ್ನು ಬರೆದಾಗ ಅವನ ಕಿವಿಯಲ್ಲಿ ಇಂಥ ದನಿಯೇ ಇದ್ದಿರಬೇಕೆಂದು ನಮ್ಮ ಊಹೆ. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ತಾಯಿ ಕತ್ತಲಲ್ಲಿ ಹುಡುಕಿ ಹೋಗುವ ಭಾಗವನ್ನು ಗಮಕಿಗಳು ಓದುವಾಗ, ಕಥೆ ಸುಖಾಂತವೆಂದು ಬಲ್ಲವರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಅವರು ಅಳುವುದು ಲೋಹಿತಾಶ್ವನೊಬ್ಬನಿಗಾಗಿಯೇ ಎಂದು ನಾವು ನಂಬುವುದಿಲ್ಲ. ತಮ್ಮ ತಮ್ಮ ಮನೆಯ ಸಾವುಗಳಿಗೆ ಚಂದ್ರಮತಿಯ ಬಾಯನ್ನು ಎರವಲು ಪಡೆಯುತ್ತಾರೆ.

ತನ್ನ ನೋವಿಗೆ ಇನ್ನೊಬ್ಬರ ಬಾಯಿ, ಇಲ್ಲವೆ ಇನ್ನೊಬ್ಬರ ಕಣ್ಣು ಬೇಕಾಗುವುದು ಹೊಸಗನ್ನಡ ಕವಿಗಳಲ್ಲಿಯೂ ಕಾಣುತ್ತದೆ. ಧಾರವಾಡದ ಬೇಂದ್ರೆಯವರು ಮಗುವನ್ನು ಕಳೆದುಕೊಂಡ ಮೇಲೆ ಬರೆದ ಪ್ರಸಿದ್ಧ ಗೀತದಲ್ಲಿ ಗಂಡನು ತನ್ನ ಸಂಕಟವನ್ನು ನೇರವಾಗಿ ಹೇಳಿಕೊಳ್ಳಲಾರ. ಹೆಂಡತಿಯ ನೋಟವನ್ನು ತಾಳಲಾರೆನೆಂದು ಬೇಡಿಕೊಳ್ಳುತ್ತಾನೆ.

ಮತ್ತೆ ನಮ್ಮ ಜಿಲ್ಲೆಗೆ ಬರೋಣ. ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯಲ್ಲಿ 1899ರಲ್ಲಿ ಹುಟ್ಟಿದ ವಿ. ಸೀತಾರಾಮಯ್ಯನವರು ಬರೆದ ಹೆಣ್ಣೊಪ್ಪಿಸುವ ಗೀತವನ್ನು ಕೇಳದ ಮದುವೆಮನೆ ಅಪರೂಪ. ಅದು ಸಾವಿನ ಹಾಡಲ್ಲ, ಮಂಗಳದ ಹಾಡು. ಆದರೆ ಮಾಚಿಕಬ್ಬೆಯನ್ನು ನೆನೆದು ಕೇಳಿದರೆ, ಮಗಳನ್ನು ಬಿಟ್ಟುಕೊಡುವ ತಾಯಿಯ ಅದೇ ಕೊರಳು ಇಲ್ಲಿಯೂ ಕೇಳಿಸುತ್ತದೆ. ಇಲ್ಲಿ ಮಾತನಾಡುವವರು ‘ನಾನು’ ಅಲ್ಲ, ‘ನಾವು’. ಒಬ್ಬ ತಾಯಿಯ, ಒಬ್ಬ ತಂದೆಯ ಅಗಲಿಕೆಯನ್ನು ಇಡೀ ಮನೆ ಹೊತ್ತುಕೊಂಡು ಗಂಡಿನ ಕಡೆಯವರ ಮುಂದೆ ನಿಂತಿದೆ. ಆ ಹೊತ್ತಿನಲ್ಲಿ ಹಾಡುವವಳು ಸಾಮಾನ್ಯವಾಗಿ ಹೆಣ್ಣಿನ ತಾಯಿಯಲ್ಲ. ಆಕೆಗೆ ದನಿ ಏಳುವುದಿಲ್ಲ. ಚಿಕ್ಕಮ್ಮನೋ ನೆರೆಮನೆಯಾಕೆಯೋ ಹಾಡುತ್ತಾಳೆ, ತಾಯಿ ಮಗಳ ಕೈಹಿಡಿದುಕೊಂಡು ಕೇಳುತ್ತಾಳೆ.