ಒಂಟೆಯ ಮಾಂಸದಿಂದ ಮೊಬೈಲ್ ರಮ್ಮಿಯವರೆಗೆ: ಜೂಜು ತೊಟ್ಟ ವೇಷಗಳು

(ಜುಮಾ ಖುತ್ಬಾದಲ್ಲಿ ಹೇಳಿದ ಮಾತುಗಳನ್ನು ವಿಸ್ತರಿಸಿ ಬರೆದದ್ದು)



ಕೆಲವು ವರ್ಷಗಳ ಹಿಂದೆ ಒಂದು ದಿನ ಮಗ್‌ರಿಬ್ ನಮಾಝ್ ಮುಗಿಸಿ ಮನೆಗೆ ಬಂದಾಗ ನಮ್ಮ ಜಮಾಅತಿನ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದು ಕುಳಿತಿದ್ದರು. ಹುಡುಗ ಡಿಗ್ರಿ ಓದುತ್ತಿದ್ದ. ಮೊಬೈಲಿನಲ್ಲಿ ರಮ್ಮಿ ಆಡಿ ಕಾಲೇಜಿನ ಫೀಸು ಕಳೆದಿದ್ದ. ಅದನ್ನು ಮರಳಿ ಪಡೆಯುತ್ತೇನೆ ಎಂದು ತಾಯಿಯ ಎರಡು ಬಳೆಗಳನ್ನು ಅಡವಿಟ್ಟು ಅದನ್ನೂ ಕಳೆದಿದ್ದ. ತಾಯಿ ಅಳುತ್ತಿದ್ದರು. ಹುಡುಗ ತಲೆ ತಗ್ಗಿಸಿ ಕುಳಿತಿದ್ದ. "ಮಗನೇ, ಜೂಜು ಹರಾಮ್ ಎಂದು ನಿನಗೆ ಗೊತ್ತಿರಲಿಲ್ಲವೇ?" ಎಂದು ಕೇಳಿದೆ. ಅವನು ಮೆಲ್ಲಗೆ, "ಹಝ್ರತ್, ಇದು ಜೂಜಲ್ಲ. ರಮ್ಮಿ ಬುದ್ಧಿಯ ಆಟ ಅಂತ ಸುಪ್ರೀಂ ಕೋರ್ಟೇ ಹೇಳಿದೆ" ಎಂದ.

ಹರಾಮ್ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಆದರೆ ಅವನ ಆ ಕೊನೆಯ ಮಾತಿಗೆ ಅಂದು ನನ್ನ ಬಳಿ ಸರಿಯಾದ ಉತ್ತರ ಇರಲಿಲ್ಲ. ಬಿ.ಎ.ಯಲ್ಲಿ ಇತಿಹಾಸ ಓದಿದವನು ನಾನು. ಆ ರಾತ್ರಿಯಿಂದ ಈ ವಿಷಯವನ್ನು ಹುಡುಕಿ ಓದತೊಡಗಿದೆ. ಓದಿದಂತೆಲ್ಲ ಒಂದು ಸಂಗತಿ ಸ್ಪಷ್ಟವಾಯಿತು. ಜೂಜು ಎಂದೂ ತನ್ನ ಹೆಸರು ಹೇಳಿಕೊಂಡು ಮನೆಗೆ ಬರುವುದಿಲ್ಲ. ಪ್ರತಿ ಕಾಲದಲ್ಲೂ ಒಂದು ಒಳ್ಳೆಯ ಕೆಲಸದ ವೇಷ ತೊಟ್ಟೇ ಬಂದಿದೆ.

ಮೊದಲ ವೇಷ: ದಾನ

ಪ್ರವಾದಿ ಮುಹಮ್ಮದ್(ಸ)ರವರ ಆಗಮನಕ್ಕೆ ಮುಂಚಿನ ಅರಬರಲ್ಲಿ 'ಮೈಸಿರ್' ಎಂಬ ಪದ್ಧತಿ ಇತ್ತು. ಅದರ ವಿವರವನ್ನು ನಮ್ಮ ತಫ್ಸೀರ್ ವಿದ್ವಾಂಸರು ಬರೆದಿಟ್ಟಿದ್ದಾರೆ. ಸಾಲವಾಗಿ ಒಂದು ಒಂಟೆಯನ್ನು ಕೊಂಡು ಕಡಿದು ಪಾಲು ಮಾಡುತ್ತಿದ್ದರು. ಚೀಲವೊಂದರಲ್ಲಿ ಹತ್ತು ಬಾಣಗಳನ್ನು ಹಾಕುತ್ತಿದ್ದರು. ಏಳು ಬಾಣಗಳಿಗೆ ಒಂದರಿಂದ ಏಳರವರೆಗೆ ಪಾಲುಗಳು, ಉಳಿದ ಮೂರಕ್ಕೆ ಏನೂ ಇಲ್ಲ. ಪಾಲಿನ ಬಾಣ ಬಂದವನಿಗೆ ಮಾಂಸ. ಖಾಲಿ ಬಾಣ ಬಂದವನು ಒಂಟೆಯ ಬೆಲೆ ಕಟ್ಟಬೇಕು.

ಗೆದ್ದವರು ಆ ಮಾಂಸವನ್ನು ಬಡವರಿಗೆ ಹಂಚುತ್ತಿದ್ದರು. ಬರಗಾಲದ ಚಳಿಗಾಲದಲ್ಲಿ ಹೀಗೆ ಹಂಚುವುದು ದೊಡ್ಡ ಹೆಮ್ಮೆಯ ವಿಷಯ. ಈ ಆಟಕ್ಕೆ ಸೇರದವನನ್ನು ಜಿಪುಣ ಎಂದು ಹಳಿಯುತ್ತಿದ್ದರು. ನೋಡಿ, ಅಂದಿನ ಜೂಜು ದಾನದ ವೇಷದಲ್ಲಿತ್ತು.

ಪವಿತ್ರ ಕುರ್‌ಆನ್ ಇದನ್ನು ಎದುರಿಸಿದ ಬಗೆಯನ್ನು ಗಮನಿಸಬೇಕು. ಸೂರಃ ಅಲ್‌ಬಕರಾದ 219ನೇ ಆಯತ್ ಮದ್ಯ ಮತ್ತು ಜೂಜಿನಲ್ಲಿ ಜನರಿಗೆ ಕೆಲವು ಪ್ರಯೋಜನಗಳಿವೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಅವುಗಳ ಪಾಪ ಆ ಪ್ರಯೋಜನಕ್ಕಿಂತ ದೊಡ್ಡದು ಎಂದು ತೂಗಿ ಹೇಳುತ್ತದೆ. ನಂತರ ಸೂರಃ ಅಲ್‌ಮಾಇದಾದ 90 ಮತ್ತು 91ನೇ ಆಯತ್‌ಗಳು ಅದನ್ನು ಪೂರ್ತಿಯಾಗಿ ತೊರೆಯಲು ಆಜ್ಞಾಪಿಸಿ, ಕಾರಣವನ್ನೂ ಕೊಡುತ್ತವೆ: ಅದು ನಿಮ್ಮ ನಡುವೆ ದ್ವೇಷ ಹುಟ್ಟಿಸುತ್ತದೆ, ಅಲ್ಲಾಹನ ಸ್ಮರಣೆಯಿಂದಲೂ ನಮಾಝ್‌ನಿಂದಲೂ ನಿಮ್ಮನ್ನು ತಡೆಯುತ್ತದೆ. ಬಡವನ ತಟ್ಟೆಗೆ ಮಾಂಸ ಬೀಳುತ್ತಿದ್ದರೂ ಈ ಲೆಕ್ಕ ಬದಲಾಗಲಿಲ್ಲ. ಮುಂದಿನ ವೇಷಗಳನ್ನು ಗುರುತಿಸಲು ನಮಗೆ ಈ ತಕ್ಕಡಿಯೇ ಬೇಕು.

ಎರಡನೆಯ ವೇಷ: ಜ್ಞಾನ

ಈಗ ನಮ್ಮ ಬೆಂಗಳೂರಿಗೆ ಬನ್ನಿ. 1950ರ ದಶಕದ ಆರಂಭ. ಇಲ್ಲಿಂದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ಇಂಗ್ಲಿಷ್ ವಾರಪತ್ರಿಕೆ ಅಚ್ಚಾಗಿ ಹೊರಡುತ್ತಿತ್ತು. ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಎಂಬವರು ಕಟ್ಟಿದ ಸಂಸ್ಥೆಯೊಂದು ಅದರ ಮೂಲಕ ಬಹುಮಾನದ ಪದಬಂಧ ಸ್ಪರ್ಧೆ ನಡೆಸುತ್ತಿತ್ತು. ಓದುಗರು ಪದಬಂಧ ತುಂಬಿ, ಪ್ರವೇಶ ಶುಲ್ಕ ಸೇರಿಸಿ ಕಳುಹಿಸಬೇಕು. ಪತ್ರಿಕೆ ಮೈಸೂರು ರಾಜ್ಯದ್ದಾದರೂ ಬೊಂಬಾಯಿ ರಾಜ್ಯದಿಂದಲೂ ಹಣ ಹರಿದು ಬರುತ್ತಿತ್ತು.

ಪದಬಂಧ ತುಂಬುವವನನ್ನು ಯಾರಾದರೂ ಜೂಜುಕೋರ ಎಂದಾರೆಯೇ? ಅದು ಭಾಷೆ ಕಲಿಸುವ, ಬುದ್ಧಿಗೆ ಸಾಣೆ ಹಿಡಿಯುವ ಆಟವಲ್ಲವೇ? ಆದರೆ ಒಳಗಿನ ವ್ಯವಸ್ಥೆ ಬೇರೆ ಇತ್ತು. ಒಂದು ಸುಳಿವಿಗೆ ಎರಡು ಪದಗಳು ಸರಿಸಮವಾಗಿ ಹೊಂದುತ್ತಿದ್ದವು. ಅವುಗಳಲ್ಲಿ ಸಂಘಟಕರು ಯಾವುದನ್ನು ಆರಿಸಿಕೊಂಡಿದ್ದಾರೆ ಎಂದು ಊಹಿಸಬೇಕು, ಅಷ್ಟೇ. ಎಷ್ಟೇ ಓದಿದವನಿಗೂ ಅದು ಕುರುಡು ಊಹೆ.

ಬೊಂಬಾಯಿ ಸರಕಾರ ತೆರಿಗೆ ಹಾಕಿದಾಗ ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. 1957ರ ಏಪ್ರಿಲ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ ತೀರ್ಪು ಕೊಟ್ಟಿತು. ಜೂಜಾಟವು ವ್ಯಾಪಾರವೇ ಅಲ್ಲ, ಆದ್ದರಿಂದ ವ್ಯಾಪಾರಕ್ಕೆ ಸಂವಿಧಾನ ಕೊಡುವ ರಕ್ಷಣೆ ಅದಕ್ಕಿಲ್ಲ ಎಂಬುದು ತೀರ್ಪಿನ ತಿರುಳು. ಋಗ್ವೇದದಿಂದ, ಮಹಾಭಾರತದಿಂದ ಜೂಜಿನ ಕೇಡನ್ನು ನ್ಯಾಯಮೂರ್ತಿಗಳು ತೋರಿಸಿಕೊಟ್ಟರು. ಅಂದರೆ ಜೂಜಿನ ವಿರೋಧ ನಮ್ಮೊಬ್ಬರ ಧರ್ಮದ ಹಟವಲ್ಲ. ನೆರೆಮನೆಯ ಹಿಂದೂ ಸಹೋದರರ ಗ್ರಂಥಗಳೂ ಅದನ್ನೇ ಹೇಳುತ್ತವೆ. ಅದಾಗಲೇ 1955ರಲ್ಲಿ ಕೇಂದ್ರ ಸರಕಾರ ಕಾಯ್ದೆ ತಂದು, ಇಂಥ ಸ್ಪರ್ಧೆಗಳ ಬಹುಮಾನ ತಿಂಗಳಿಗೆ 1,000 ರೂಪಾಯಿ ಮೀರಬಾರದು, ಒಂದು ಸ್ಪರ್ಧೆಗೆ 2,000ಕ್ಕಿಂತ ಹೆಚ್ಚು ಪ್ರವೇಶಗಳಿರಬಾರದು ಎಂದು ಕಡಿವಾಣ ಹಾಕಿತ್ತು.

ಮೂರನೆಯ ವೇಷ: ಜನಕಲ್ಯಾಣ

ಖಾಸಗಿಯವರ ಜೂಜಿಗೆ ಕಡಿವಾಣ ಬಿದ್ದ ಮೇಲೆ ಸರಕಾರಗಳೇ ಲಾಟರಿ ತೆರೆದವು. ಮೊದಲಿನದು ಕೇರಳ. 1967ರಲ್ಲಿ ಖಾಸಗಿ ಲಾಟರಿಗಳನ್ನು ನಿಷೇಧಿಸಿ ಸರಕಾರಿ ಲಾಟರಿ ಆರಂಭಿಸಿದರು. ಟಿಕೆಟ್ ಬೆಲೆ 1 ರೂಪಾಯಿ, ಮೊದಲ ಬಹುಮಾನ 50,000 ರೂಪಾಯಿ, ಮೊದಲ ಡ್ರಾ 1968ರ ಗಣರಾಜ್ಯೋತ್ಸವದಂದು. ಆಗ ಅಲ್ಲಿನ ಹಣಕಾಸು ಸಚಿವರಾಗಿದ್ದವರು ಪಿ.ಕೆ. ಕುಂಜು ಸಾಹಿಬ್, ಒಬ್ಬ ಮುಸ್ಲಿಮರು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಬಡವರಿಗೆ ಉದ್ಯೋಗ, ಸರಕಾರಕ್ಕೆ ಆದಾಯ ಎಂಬ ಉದ್ದೇಶ ಎಷ್ಟು ಬಲವಾಗಿ ಕಾಣುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಕರ್ನಾಟಕವೂ ಲಾಟರಿ ನಡೆಸಿತು. ಬಸ್ ನಿಲ್ದಾಣದಲ್ಲಿ ಟಿಕೆಟ್ ಹಲಗೆ ಹಿಡಿದು ಕೂಗುತ್ತಿದ್ದವರು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ತಿಂಗಳಿಗೊಮ್ಮೆ, ವಾರಕ್ಕೊಮ್ಮೆ ಇದ್ದ ಡ್ರಾ ದಿನಕ್ಕೆ ಹಲವು ಬಾರಿ ಆಯಿತು. ಒಂದಂಕಿ ಲಾಟರಿ ಬಂತು. ಕೂಲಿ ಮುಗಿಸಿದವನು ಮನೆಗೆ ಹೋಗುವ ಮೊದಲೇ ಅಂದಿನ ಕೂಲಿ ಕಳೆದುಕೊಳ್ಳುತ್ತಿದ್ದ. 1998ರ ಕೇಂದ್ರ ಕಾಯ್ದೆ ಒಂದಂಕಿ ಲಾಟರಿಯನ್ನು ನಿಷೇಧಿಸಿತು. 1999ರಲ್ಲಿ ಸುಪ್ರೀಂ ಕೋರ್ಟ್, ಸರಕಾರವೇ ನಡೆಸಿದರೂ ಲಾಟರಿ ಜೂಜೇ ಎಂದಿತು. ಆದರೆ 2000ದ ನಂತರ ಕಂಪ್ಯೂಟರ್ ಪೆಟ್ಟಿಗೆಗಳ ಮೂಲಕ ಆನ್‌ಲೈನ್ ಲಾಟರಿ ಅಂಗಡಿ ಅಂಗಡಿಗೆ ಬಂತು. ಕೊನೆಗೆ 2007ರಲ್ಲಿ, ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ, ಕರ್ನಾಟಕದಲ್ಲಿ ಲಾಟರಿ ನಿಂತಿತು. ಆದಾಯ ಬಿಟ್ಟುಕೊಟ್ಟ ಆ ನಿರ್ಧಾರದಿಂದ ಎಷ್ಟೋ ಮನೆಗಳ ಒಲೆ ಉರಿಯಿತು.

ನಾಲ್ಕನೆಯ ವೇಷ: ಜಾಣ್ಮೆ

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಸುಪ್ರೀಂ ಕೋರ್ಟ್ ಹಾಗೆ ಹೇಳಿದ್ದು ನಿಜ. ಅದು 1967ರ ತೀರ್ಪು. ಸಿಕಂದರಾಬಾದಿನ ಒಂದು ಕ್ಲಬ್ಬಿನಲ್ಲಿ ರಮ್ಮಿ ಆಡುತ್ತಿದ್ದವರ ಪ್ರಕರಣ. ಎಲೆಗಳನ್ನು ನೆನಪಿಟ್ಟುಕೊಂಡು ಹಿಡಿಯುವುದಕ್ಕೂ ಬಿಡುವುದಕ್ಕೂ ಜಾಣ್ಮೆ ಬೇಕು, ಆದ್ದರಿಂದ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಕೋರ್ಟ್ ಹೇಳಿತು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಪಣವಿಟ್ಟು ಆಡುವ ಆಟದಿಂದ ಕ್ಲಬ್ಬಿನ ಅಥವಾ ಮನೆಯ ಮಾಲಿಕ ಲಾಭ ಮಾಡುತ್ತಿದ್ದರೆ ಅದು ಅಪರಾಧವಾಗಬಹುದು. ಪ್ರತಿ ಆಟದಲ್ಲೂ ತನ್ನ ಪಾಲು ಮುರಿದುಕೊಳ್ಳುವ ಆ್ಯಪ್ ಈ ಎರಡನೆಯ ಮಾತನ್ನು ಹುಡುಗನಿಗೆ ಹೇಳಲಿಲ್ಲ. ಮೊದಲ ಮಾತನ್ನು ಮಾತ್ರ ತೋರಿಸಿತು.

ಮತ್ತೆ ಶರೀಅತ್ತಿನ ತೂಕ ಬೇರೆಯೇ ಇದೆ. ಆಟಕ್ಕೆ ಬುದ್ಧಿ ಬೇಕೇ ಬೇಡವೇ ಎಂಬುದು ಅಲ್ಲಿ ಮೊದಲ ಪ್ರಶ್ನೆಯಲ್ಲ. ಆಡುವವರೆಲ್ಲ ಹಣವಿಟ್ಟು, ಒಬ್ಬನ ನಷ್ಟವೇ ಮತ್ತೊಬ್ಬನ ಲಾಭವಾಗುತ್ತದೆಯೇ ಎಂಬುದು ಪ್ರಶ್ನೆ. ಮೈಸಿರ್‌ನ ಬಾಣಕ್ಕೂ ಮೊಬೈಲಿನ ಎಲೆಗೂ ಅಲ್ಲಿ ವ್ಯತ್ಯಾಸವಿಲ್ಲ. ಬಾ, ಜೂಜಾಡೋಣ ಎಂದು ಗೆಳೆಯನನ್ನು ಬರಿದೇ ಕರೆದವನು ಕೂಡ ಪ್ರಾಯಶ್ಚಿತ್ತವಾಗಿ ದಾನ ಕೊಡಲಿ ಎಂಬ ಆಶಯದ ಹದೀಸ್ ಬುಖಾರಿಯಲ್ಲಿದೆ. ಕರೆದ ಬಾಯಿಗೇ ಇಷ್ಟು ಹೊಣೆ ಇದ್ದರೆ, ಹಗಲೂ ರಾತ್ರಿಯೂ ಮೊಬೈಲಿನಲ್ಲಿ ಕರೆಯುವ ಜಾಹೀರಾತುಗಳ ಹೊಣೆ ಎಷ್ಟು?

ಕರ್ನಾಟಕ ಸರಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಪಣದಾಟ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ನಿಯಮಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹೊಸ ಕಾಯ್ದೆ ಅಂಗೀಕರಿಸಿತು. ಅದೃಷ್ಟದ್ದಿರಲಿ, ಕೌಶಲದ್ದಿರಲಿ, ಹಣ ಕಟ್ಟಿ ಹಣದಾಸೆಗೆ ಆಡುವ ಆನ್‌ಲೈನ್ ಆಟ ನಡೆಸುವುದನ್ನೂ ಅದರ ಜಾಹೀರಾತನ್ನೂ ಅದು ನಿಷೇಧಿಸುತ್ತದೆ. ಶಿಕ್ಷೆ ಇರುವುದು ನಡೆಸುವವರಿಗೆ, ಆಡಿ ಕಳೆದುಕೊಂಡವರಿಗಲ್ಲ. ಮನೆಯ ಮಕ್ಕಳು ಸಿಕ್ಕಿಕೊಂಡಿದ್ದರೆ ಹೆದರದೆ ಸಹಾಯ ಕೇಳಿ ಎಂದು ಇದನ್ನು ಒತ್ತಿ ಹೇಳುತ್ತಿದ್ದೇನೆ.

ಪತ್ರಿಕೆ ಏನನ್ನು ಮಾರುತ್ತದೆ?

ಈ ವೇಷಗಳನ್ನೆಲ್ಲ ಮನೆಮನೆಗೆ ತಲುಪಿಸಿದ್ದು ಯಾರು? ಒಂದು ಕಾಲಕ್ಕೆ ಅಚ್ಚಿನ ಹಾಳೆ, ಈಗ ಮೊಬೈಲ್ ಪರದೆ. ಆದರೆ ಪತ್ರಿಕೆಗಳೆಲ್ಲ ಒಂದೇ ತರಹವಲ್ಲ.

ಬೆಂಗಳೂರಿನಿಂದ ಪದಬಂಧದ ಪತ್ರಿಕೆ ಹೊರಡುತ್ತಿದ್ದ ಅದೇ ದಿನಗಳಲ್ಲಿ, ಅದೇ ಊರಿನಿಂದ 'ಕೊರವಂಜಿ' ಎಂಬ ಕನ್ನಡ ನಗೆ ಮಾಸಿಕವೂ ಬರುತ್ತಿತ್ತು. 'ರಾಶಿ' ಎಂದು ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿದ್ದು. ಅವರು ವೃತ್ತಿಯಿಂದ ವೈದ್ಯರು. ಮುಂದೆ ದೇಶಕ್ಕೇ ಹೆಸರಾದ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. 25 ವರ್ಷ ನಡೆದು 1967ರಲ್ಲಿ ಅದು ನಿಂತಿತು. ದಿಲ್ಲಿಯಲ್ಲಿ ಕೆ. ಶಂಕರ್ ಪಿಳ್ಳೈ 1948ರಲ್ಲಿ 'ಶಂಕರ್ಸ್ ವೀಕ್ಲಿ' ತೆರೆದು ಪ್ರಧಾನಿ ನೆಹರೂ ಅವರನ್ನೇ ಬಿಡದೆ ವ್ಯಂಗ್ಯಚಿತ್ರ ಪ್ರಕಟಿಸಿದರು. ತುರ್ತುಪರಿಸ್ಥಿತಿಯ 1975ರಲ್ಲಿ ಅದನ್ನು ಅವರೇ ಮುಚ್ಚಿದರು. ಇನ್ನೂ ಹಿಂದೆ ಹೋದರೆ, 1877ರಲ್ಲಿ ಲಕ್ನೋದಲ್ಲಿ ಮುನ್ಶಿ ಸಜ್ಜಾದ್ ಹುಸೇನ್ 'ಅವಧ್ ಪಂಚ್' ಎಂಬ ಉರ್ದು ವಾರಪತ್ರಿಕೆ ಆರಂಭಿಸಿ, ಬ್ರಿಟಿಷ್ ಆಡಳಿತವನ್ನು ಚಿತ್ರದಲ್ಲೂ ಬರಹದಲ್ಲೂ ಕುಟುಕಿದರು. 1912ರವರೆಗೆ ಅದು ನಡೆಯಿತು.

ಇವರೆಲ್ಲ ದೊಡ್ಡವರ ವೇಷ ಕಳಚುವ ಕೆಲಸ ಮಾಡಿದರು. ಜೂಜಿನ ಪತ್ರಿಕೆ ಮಾಡಿದ್ದು ವೇಷ ಹೊಲಿಯುವ ಕೆಲಸ. ಒಂದು ಓದುಗನ ಕಣ್ಣು ತೆರೆಸುತ್ತದೆ, ಇನ್ನೊಂದು ಅವನ ಆಸೆಯನ್ನು ಅವನಿಗೇ ಮಾರುತ್ತದೆ. ಯಾರ ಹಣದಿಂದ ಪತ್ರಿಕೆ ನಡೆಯುತ್ತದೋ ಅವರ ಚಿತ್ರವನ್ನು ಬಿಡಿಸಲು ಕೈ ಬರುವುದಿಲ್ಲ.

ಈ ಮಾತು ನಮಗೂ ತಟ್ಟಿದೆ. ಹೊಸ ಕಾಯ್ದೆ ಬರುವ ಮೊದಲು, ಕಾಗದದ ಬೆಲೆ ಏರಿ ನಮ್ಮ ಈ ಮಾಸಿಕ ಕಷ್ಟದಲ್ಲಿದ್ದಾಗ, ಏಜೆಂಟರೊಬ್ಬರು ಹಿಂಬದಿ ಪುಟಕ್ಕೆ ವರ್ಷವಿಡೀ ಜಾಹೀರಾತು ಕೊಡುತ್ತೇವೆ ಎಂದು ಬಂದರು. ಅದು ಒಂದು ಎಲೆಯಾಟದ ಆ್ಯಪ್‌ನದ್ದು. "ಒಳಗಿನ ಪುಟದಲ್ಲಿ ಖುತ್ಬಾ ಇರುತ್ತದಲ್ಲ, ಹಿಂಬದಿಯಲ್ಲಿ ಏನಿದ್ದರೇನು?" ಎಂದು ಕಮಿಟಿಯಲ್ಲಿ ಒಬ್ಬರು ಕೇಳಿದರು. ಅವರು ಕೆಟ್ಟವರಲ್ಲ. ಅವರಿಗೂ ಪತ್ರಿಕೆ ಉಳಿಯಬೇಕಿತ್ತು. ನಾನು ಆ ತಾಯಿಯ ಬಳೆಗಳ ವಿಷಯ ಹೇಳಿದೆ, ಹೆಸರು ಹೇಳಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಪುಟಗಳನ್ನು ಕಡಿಮೆ ಮಾಡಿದೆವು, ಜಾಹೀರಾತು ಬೇಡವೆಂದೆವು. ಇಂದು ನಿಮ್ಮ ಕೈಯಲ್ಲಿರುವ ಪತ್ರಿಕೆ ತೆಳುವಾಗಿರಲು ಕಾರಣ ಅದೇ.

ನಾವೇನು ಮಾಡಬೇಕು?

ಕಾಯ್ದೆ ಬಂದ ಮಾತ್ರಕ್ಕೆ ಜೂಜು ಹೋಗುವುದಿಲ್ಲ. ಅದು ಐದನೆಯ ವೇಷ ತೊಟ್ಟು ಬರುತ್ತದೆ. ಹೊಸದೇನಾದರೂ ಮನೆಗೆ ಬಂದಾಗ ಮೂರು ಪ್ರಶ್ನೆ ಕೇಳಿ. ಹಣ ಕಟ್ಟಬೇಕೇ? ಗೆದ್ದವನ ಹಣ ಸೋತವನ ಜೇಬಿನಿಂದ ಬರುತ್ತದೆಯೇ? ಆಡಿಸುವವನು ಪ್ರತಿ ಬಾರಿಯೂ ಗೆಲ್ಲುತ್ತಾನೆಯೇ? ಮೂರಕ್ಕೂ ಹೌದು ಎಂದಾದರೆ, ಅದಕ್ಕೆ ಯಾವ ಹೆಸರಿದ್ದರೂ ಅದು ಮೈಸಿರ್.

ಮಗ ಸಿಕ್ಕಿಕೊಂಡಿದ್ದರೆ ಬೀದಿಯಲ್ಲಿ ಅವಮಾನ ಮಾಡಬೇಡಿ. ಅವಮಾನಕ್ಕೆ ಹೆದರಿದವನು ಇನ್ನೊಂದು ಸಾಲ ಮಾಡಿ ಮತ್ತೆ ಆಡುತ್ತಾನೆ. ಮೊದಲು ಸಾಲದ ಪೂರ್ತಿ ಲೆಕ್ಕ ಬರೆಸಿ. ಹಣದ ಖಾತೆಯನ್ನು ಕೆಲವು ಕಾಲ ತಂದೆ ತಾಯಿ ನೋಡಿಕೊಳ್ಳಲಿ. ಕಳೆದದ್ದನ್ನು ಆಡಿಯೇ ಮರಳಿ ತರುತ್ತೇನೆ ಎಂಬ ಮಾತಿಗೆ ಮಾತ್ರ ಒಪ್ಪಬೇಡಿ. ತೌಬಾದ ಬಾಗಿಲು ತೆರೆದಿದೆ, ಮಸೀದಿಯ ಬಾಗಿಲೂ ತೆರೆದಿದೆ.

ಆ ಹುಡುಗ ಈಗ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಒಂದು ಬಳೆ ಬಿಡಿಸಿ ತಂದಿದ್ದಾನೆ, ಇನ್ನೊಂದು ಬಾಕಿ ಇದೆ. ಕಳೆದ ಜುಮಾದಂದು ನಮಾಝ್ ಮುಗಿದ ಮೇಲೆ ಅವನಿಗೆ ಈ ಲೇಖನದ ಹಸ್ತಪ್ರತಿ ತೋರಿಸಿ, ನಿನ್ನ ವಿಷಯ ಬರೆಯಲೇ ಎಂದು ಕೇಳಿದೆ. ಓದಿ, "ಬರೆಯಿರಿ ಹಝ್ರತ್, ಆದರೆ ಕೋರ್ಟಿನ ಆ ಎರಡನೆಯ ಮಾತನ್ನು ಬಿಡಬೇಡಿ" ಎಂದ.

ಅಲ್ಲಾಹನು ನಮ್ಮ ಮಕ್ಕಳಿಗೆ ಹಲಾಲ್ ದುಡಿಮೆಯಲ್ಲಿ ಬರ್ಕತ್ ನೀಡಲಿ, ವೇಷಗಳ ಹಿಂದಿನ ಮುಖವನ್ನು ಕಾಣುವ ಕಣ್ಣನ್ನು ನಮಗೆಲ್ಲ ಕೊಡಲಿ. ಆಮೀನ್.